ಆವು, ಹಾವು ಮತ್ತು ‘ಬೆಲೆ ಕಂಡುಹಿಡಿಯಿರಿ’

ನಮ್ಮ ಕಡೆಯ ಪೇಟೆ ಶಾಲೆಗಳ ಮಾತು ಬಂದಾಗಲೆಲ್ಲ ಕಟ್ಟಡ, ಕಾಂಪೌಂಡು, ಶೌಚಾಲಯದ ಮಾತೇ ಮುಂದೆ ಬರುತ್ತದೆ. ಶಿಡ್ಲಘಟ್ಟ, ಚಿಂತಾಮಣಿ, ಮುಳಬಾಗಿಲು, ಕೋಲಾರ ಎಲ್ಲಾದರೂ ಇದೇ. ಅವೆಲ್ಲ ಬೇಕು, ಅದರಲ್ಲಿ ಎರಡು ಮಾತಿಲ್ಲ. ಶೌಚಾಲಯಕ್ಕೆ ನೀರಿಲ್ಲದಿದ್ದರೆ ದೊಡ್ಡ ತರಗತಿಯ ಹೆಣ್ಣುಮಕ್ಕಳು ಮುಟ್ಟಿನ ದಿನಗಳಲ್ಲಿ ಮನೆಯಲ್ಲೇ ಉಳಿಯುತ್ತಾರೆ. ಆದರೆ ಕಟ್ಟಡ ಗಟ್ಟಿಯಾಗಿದ್ದು, ಬಿಸಿಯೂಟ ಹೊತ್ತಿಗೆ ಸರಿಯಾಗಿ ಆಗುತ್ತಿದ್ದು, ಪಾಠ ಮಾಡುವ ಟೀಚರು ಇರುವ ಶಾಲೆಯಲ್ಲೂ ಕೂಲಿಯವರ ಮಕ್ಕಳು, ರೇಷ್ಮೆ ನೂಲು ತೆಗೆಯುವವರ ಮಕ್ಕಳು, ಕಾಲೊನಿಯ ಮಕ್ಕಳು ಹಿಂದೆ ಬೀಳುತ್ತಾರೆ. ಬೀಳುವುದು ದಾಟುವ ಜಾಗಗಳಲ್ಲಿ. ಮನೆಮಾತಿನಿಂದ ಶಾಲೆಯ ಮಾತಿಗೆ, ಏಳರಿಂದ ಎಂಟಕ್ಕೆ, ಒಂದು ಊರಿನ ಶಾಲೆಯಿಂದ ಇನ್ನೊಂದು ಊರಿನ ಶಾಲೆಗೆ ದಾಟುವಾಗ ಮಗುವಿನ ಕೈ ಹಿಡಿಯುವವರು ಬೇಕು. ಆ ಕೆಲಸ ಯಾರ ಪಾಲಿಗೂ ಬಂದಿಲ್ಲ ಅನ್ನುವುದೇ ನನ್ನ ಸಂಕಟ.

ಮೊದಲು ಒಂದನೇ ತರಗತಿ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಬಹಳಷ್ಟು ಮಕ್ಕಳ ಮನೆಮಾತು ತೆಲುಗು. ಮುಸ್ಲಿಂ ಮೊಹಲ್ಲಾಗಳಲ್ಲಿ ದಖ್ಖನಿ ಅನ್ನುವ ಆಡುಮಾತಿನ ಉರ್ದು, ಕೆಜಿಎಫ್‌ನಲ್ಲಿ ತಮಿಳು. ಮಗು ಹಸುವಿನ ಚಿತ್ರ ನೋಡಿ ‘ಆವು’ ಅನ್ನುತ್ತದೆ. ತೆಲುಗಿನಲ್ಲಿ ಅದು ಸರಿ. ತೆಲುಗು ಬಾರದ ಟೀಚರಿಗೆ ಕೇಳಿಸುವುದು ‘ಹಾವು’. ಹಸು ತೋರಿಸಿದರೆ ಹಾವು ಅನ್ನುತ್ತದಲ್ಲ ಅಂತ ಮಗುವನ್ನು ದಡ್ಡರ ಸಾಲಿಗೆ ಸೇರಿಸಿಬಿಡುತ್ತಾರೆ. ಮನೆಯ ಚಿತ್ರಕ್ಕೆ ‘ಇಲ್ಲು’ ಅಂದರೆ ‘ಇಲ್ಲ’ ಅಂದ ಹಾಗೆ ಕೇಳುತ್ತದೆ. ‘ಪಾಲು’ ಅಂದರೆ ಅದಕ್ಕೆ ಹಾಲು, ಟೀಚರಿಗೆ ಹಂಚಿಕೆ. ದಖ್ಖನಿ ಮಗುವಿಗೆ ‘ಹಲ್ಲು’ ಅಂದರೆ ಮೆಲ್ಲಗೆ. ‘ಹಲ್ಲು ತೋರಿಸು’ ಅಂದಾಗ ಅದು ಪಿಳಿಪಿಳಿ ನೋಡುವುದು ಅದಕ್ಕೇ.

ಇದಕ್ಕೆ ಟೀಚರು ತೆಲುಗು ಕಲಿಯಬೇಕಾಗಿಲ್ಲ. ಒಂದು ಡ್ರಾಯಿಂಗ್ ಶೀಟು ಸಾಕು. ತೆಲುಗಿನ ಎಷ್ಟೋ ಮಾತುಗಳ ಮೊದಲಿನ ‘ಪ’ ಕನ್ನಡದಲ್ಲಿ ‘ಹ’ ಆಗಿರುತ್ತದೆ: ಪಾಲು ಹಾಲು, ಪಾಮು ಹಾವು, ಪುಲಿ ಹುಲಿ, ಪಂದಿ ಹಂದಿ, ಪುವ್ವು ಹೂವು, ಪತ್ತಿ ಹತ್ತಿ. ಇನ್ನೂ ಕೆಲವು ಕಡೆ ಅಲ್ಲಿನ ‘ಚ’ ಇಲ್ಲಿ ‘ಕ’: ಚೆವಿ ಕಿವಿ, ಚೆಯ್ಯಿ ಕೈ, ಚೆರುವು ಕೆರೆ. ಹೀಗೆ ಹದಿನೈದು ಜೋಡಿಗಳನ್ನು ಚಿತ್ರದೊಂದಿಗೆ ಬರೆದು ಗೋಡೆಗೆ ಅಂಟಿಸಿ, ದಿನಕ್ಕೆ ಎರಡರಂತೆ ಆಡಿಸಿದರೆ ಮಕ್ಕಳೇ ಮೂರನೆಯ ಜೋಡಿ ಹುಡುಕಿ ತರುತ್ತಾರೆ. ಚೆಟ್ಟು ಅಂದರೆ ಮರ, ಇಲ್ಲು ಅಂದರೆ ಮನೆ. ಹೀಗೆ ಹೊಂದದೇ ಇರುವುದನ್ನು ಬೇರೆ ಶೀಟಿನಲ್ಲಿ ಬರೆಯಿರಿ. ಎರಡನ್ನೂ ಒಂದೇ ಕಡೆ ಕಲಸಿದರೆ ಮಗು ‘ಕೆಟ್ಟು’ ಅಂತ ಹೊಸ ಪದ ಕಟ್ಟುತ್ತದೆ! ನಲಿಕಲಿ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿ ಒಟ್ಟಿಗೇ ಕೂರುವುದರಿಂದ ಮೂರನೇ ತರಗತಿಯ ತೆಲುಗು ಮಗು ಒಂದನೇ ತರಗತಿಯ ಮಗುವಿಗೆ ಒಳ್ಳೆಯ ದುಭಾಷಿ. ‘ಕ್ಲಾಸಿನಲ್ಲಿ ತೆಲುಗು ಮಾತಾಡಬೇಡಿ’ ಅನ್ನುವ ಕಟ್ಟಪ್ಪಣೆ ಈ ಸಹಾಯವನ್ನೇ ಕಿತ್ತುಹಾಕುತ್ತದೆ. ಮೊದಲ ಮೂರು ತಿಂಗಳಾದರೂ ಅದನ್ನು ಬಿಡಿ.

ಇದಕ್ಕಿಂತ ಆಳವಾದ ಕಂದಕ ಇರುವುದು ಏಳು ಮತ್ತು ಎಂಟರ ನಡುವೆ. ನಮ್ಮಲ್ಲಿ ಹಿರಿಯ ಪ್ರಾಥಮಿಕ ಶಾಲೆ ಹೆಚ್ಚಾಗಿ ಏಳಕ್ಕೆ ಮುಗಿಯುತ್ತದೆ, ಎಂಟರಿಂದ ಹೈಸ್ಕೂಲು. ಉರ್ದು ಪ್ರಾಥಮಿಕ ಶಾಲೆ ಮೊಹಲ್ಲಾದಲ್ಲೇ ಇರುತ್ತದೆ, ಉರ್ದು ಹೈಸ್ಕೂಲು ಹತ್ತಿರದಲ್ಲಿ ಇರಬೇಕೆಂದೇನಿಲ್ಲ. ಆಗ ಏಳು ವರ್ಷ ಉರ್ದುವಿನಲ್ಲಿ ಓದಿದ ಹುಡುಗಿ ಒಂದು ಬೇಸಿಗೆ ರಜೆಯಲ್ಲಿ ಕನ್ನಡ ಮಾಧ್ಯಮಕ್ಕೆ ಬರಬೇಕು. ತ್ರಿಭುಜ ಅವಳಿಗೆ ಗೊತ್ತು, ಆದರೆ ‘ಮುಸಲ್ಲಸ್’ ಅನ್ನುವ ಹೆಸರಿನಲ್ಲಿ. ವೃತ್ತ ‘ದಾಯ್ರಾ’, ಗುಣಾಕಾರ ‘ಜರಬ್’, ದ್ಯುತಿಸಂಶ್ಲೇಷಣೆ ‘ಜಿಯಾಯಿ ತಾಲೀಫ್’. ವಿಷಯ ತಿಳಿದಿದ್ದೂ ಮೊದಲ ಕಿರುಪರೀಕ್ಷೆಯಲ್ಲಿ ನಾಲ್ಕೈದು ಅಂಕ ಬಂದರೆ ಮನೆಯಲ್ಲಿ ‘ಸಾಕು ಬಿಡು’ ಅನ್ನುವವರಿಗೆ ಅದೇ ನೆಪ. ಬಡ ಮಕ್ಕಳಿಗೆ ಕೇಂದ್ರದ ವಿದ್ಯಾರ್ಥಿವೇತನ ಕೊಡಿಸುವ ಎನ್‌ಎಂಎಂಎಸ್ ಪರೀಕ್ಷೆ ಬರೆಯಬೇಕಾದದ್ದೂ ಎಂಟರಲ್ಲೇ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಮಾಧ್ಯಮ ಬದಲಾದ ವರ್ಷವೇ ಅದು ಬರುವುದರಿಂದ ಈ ಮಕ್ಕಳ ಕೈಗೆ ಸಿಗುವುದು ಕಷ್ಟ.

ಹೊಸ ತರಗತಿಗೆ ಮಕ್ಕಳನ್ನು ಸಜ್ಜು ಮಾಡಲು ಸೇತುಬಂಧ ಅಂತ ಪಾಠ ಮಾಡುವವರು ಇಲ್ಲೊಂದು ತಪ್ಪು ಮಾಡುತ್ತಾರೆ: ಮತ್ತೆ ಅ ಆ ಇ ಈ ಇಂದ ಶುರು ಮಾಡುತ್ತಾರೆ. ಉರ್ದು ಶಾಲೆಯಲ್ಲೂ ಕನ್ನಡ ಒಂದು ವಿಷಯವಾಗಿ ಇದ್ದೇ ಇರುತ್ತದೆ, ಅಕ್ಷರ ಅವರಿಗೆ ಬರುತ್ತದೆ. ಬಾರದೇ ಇರುವುದು ಪಾಠದ ಪದಗಳು, ಅದಕ್ಕಿಂತ ಹೆಚ್ಚಾಗಿ ಪ್ರಶ್ನೆಯ ಪದಗಳು. ‘ಎಕ್ಸ್‌ನ ಬೆಲೆ ಕಂಡುಹಿಡಿಯಿರಿ.’ ಸಂತೆಗೆ ಹೋಗಿ ಬರುವ ಮಗುವಿಗೆ ಬೆಲೆ ಅಂದರೆ ಟೊಮೆಟೊ ರೇಟು. ‘ಬಿಡಿಸಿ’ ಅನ್ನುವುದನ್ನು ನೋಡಿ: ಚಿತ್ರ ಬಿಡಿಸಿ ಅಂದರೆ ಬರೆಯುವುದು, ಸಂಧಿ ಬಿಡಿಸಿ ಅಂದರೆ ಒಡೆಯುವುದು, ಸಮೀಕರಣ ಬಿಡಿಸಿ ಅಂದರೆ ಉತ್ತರ ಹುಡುಕುವುದು, ಬಟಾಣಿ ಬಿಡಿಸಿ ಅಂದರೆ ಸಿಪ್ಪೆ ತೆಗೆಯುವುದು. ಹುಟ್ಟಿನಿಂದ ಕನ್ನಡ ಆಡುವವರಿಗೆ ಇದು ಗಮನಕ್ಕೇ ಬರುವುದಿಲ್ಲ.

ಹಾಗಾಗಿ ಏಪ್ರಿಲ್ ಮೇ ರಜೆಯಲ್ಲಿ 20 ದಿನ, ದಿನಕ್ಕೆ 40 ನಿಮಿಷ, ದಿನಕ್ಕೆ 10 ಪದ. ಒಟ್ಟು 200. ಗಣಿತಕ್ಕೆ 60, ವಿಜ್ಞಾನಕ್ಕೆ 70, ಸಮಾಜಕ್ಕೆ 40, ಉಳಿದ 30 ಪ್ರಶ್ನೆಯ ಕ್ರಿಯಾಪದಗಳು: ಹೊಂದಿಸಿ ಬರೆಯಿರಿ, ಕಾರಣ ಕೊಡಿ, ಸಾಧಿಸಿ, ವ್ಯತ್ಯಾಸ ತಿಳಿಸಿ. 100 ಪುಟದ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಬೇಕು. ಒಂದರಲ್ಲಿ ಉರ್ದು ಪದ ಉರ್ದು ಲಿಪಿಯಲ್ಲೇ, ಇನ್ನೊಂದರಲ್ಲಿ ಕನ್ನಡ ಪದ, ಮೂರನೆಯದರಲ್ಲಿ ಚಿತ್ರ ಅಥವಾ ಒಂದು ಲೆಕ್ಕ. ಮೂರನೇ ಕಾಲಂ ಬಿಟ್ಟರೆ ಅದು ಬರೀ ಬಾಯಿಪಾಠವಾಗಿ ಜೂನ್‌ ಹೊತ್ತಿಗೆ ಮರೆತುಹೋಗುತ್ತದೆ. ಏಳನೇ ತರಗತಿಯ ಎರಡೂ ಮಾಧ್ಯಮದ ಪಠ್ಯಪುಸ್ತಕ ಪಕ್ಕಪಕ್ಕ ಇಟ್ಟುಕೊಂಡರೆ ಪದಗಳ ಪಟ್ಟಿ ತಾನಾಗಿಯೇ ಸಿಗುತ್ತದೆ. ಕಲಿಸಲು ಹಿಂದಿನ ವರ್ಷ ಇದೇ ದಾರಿ ದಾಟಿದ ಒಂಬತ್ತನೇ ತರಗತಿಯ ಹುಡುಗಿಯರಷ್ಟು ಯೋಗ್ಯರು ಇನ್ಯಾರೂ ಇಲ್ಲ. ಮನೆಯವರೂ ಅವರ ಬಳಿ ಕಳಿಸಲು ಹಿಂಜರಿಯುವುದಿಲ್ಲ.

ಇಂಗ್ಲಿಷ್ ಮಾಧ್ಯಮ ಇದಕ್ಕೆ ಪರಿಹಾರ ಅನ್ನುವವರಿದ್ದಾರೆ. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾಯಿತು. ಅದನ್ನು ಬಯಸುವ ತಂದೆತಾಯಿಯನ್ನು ನಾನು ಬೈಯಲಾರೆ. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಆದಾಗ ಮೇಲೆ ಹೇಳಿದ ಪದದ ಕೆಲಸ ಇಮ್ಮಡಿಯಾಗುತ್ತದೆ ಅನ್ನುವುದನ್ನು ಮಾತ್ರ ಮರೆಯಬಾರದು.

ಇನ್ನು ವರ್ಷದ ನಡುವೆ ಬರುವ ಮಕ್ಕಳು. ಇಟ್ಟಿಗೆ ಗೂಡಿಗೆ, ಕಟ್ಟಡದ ಕೆಲಸಕ್ಕೆ, ತುಮಕೂರಿನ ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಕ್ಕೆ ಬಂದವರ ಮಕ್ಕಳ ಕೈಯಲ್ಲಿ ಟಿಸಿ ಇರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಈ ವಿಷಯದಲ್ಲಿ ನೇರವಾಗಿದೆ: ಟಿಸಿ ತಡವಾಯಿತು ಅಂತಲೋ, ವಯಸ್ಸಿನ ದಾಖಲೆ ಇಲ್ಲ ಅಂತಲೋ ಸೇರಿಸಿಕೊಳ್ಳದೇ ಇರುವ ಹಾಗಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಆದರೆ ನಿಜವಾಗಿ ತೊಡಕಾಗುವುದು ಎಸ್‌ಎಟಿಎಸ್‌ನಲ್ಲಿ, ಅಂದರೆ ಮಕ್ಕಳ ದಾಖಲಾತಿಯ ಆನ್‌ಲೈನ್ ವ್ಯವಸ್ಥೆಯಲ್ಲಿ. ಹಳೇ ಶಾಲೆ ಅಲ್ಲಿಂದ ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯ ಲೆಕ್ಕಕ್ಕೆ ಮಗು ಬರುವುದಿಲ್ಲ. ತಿಂಗಳುಗಟ್ಟಲೆ ‘ಸುಮ್ಮನೆ ಕೂರುವ’ ಮಗುವಾಗಿ ಉಳಿಯುತ್ತದೆ. ಸೇರಿದ ದಿನವೇ ಹಳೇ ಶಾಲೆಯ ಹೆಸರು, ಊರು, ಓದಿದ ತರಗತಿ, ಅಲ್ಲಿನ ಯಾರಾದರೂ ಟೀಚರ ಫೋನ್ ನಂಬರು ಬರೆದುಕೊಂಡು ಅವತ್ತೇ ಫೋನ್ ಮಾಡಬೇಕು. ಪೋಷಕರಿಗೆ ಹೇಳಿ ಕಳಿಸಿದರೆ ಅವರು ಒಂದು ದಿನದ ಕೂಲಿ, ಬಸ್ ಚಾರ್ಜು ಎರಡನ್ನೂ ಕಳೆದುಕೊಳ್ಳುತ್ತಾರೆ. ಪುಸ್ತಕಕ್ಕೆ ಮಾರ್ಚ್‌ನಲ್ಲೇ ಪಾಸಾದ ಮಕ್ಕಳಿಂದ ಒಂದೊಂದು ಸೆಟ್ ತೆಗೆದಿಡಿ.

ಹೀಗೆ ಲೆಕ್ಕಕ್ಕೆ ಬಾರದೇ ಉಳಿಯುವ ಒಂದು ಮಗುವಿನ ಲೆಕ್ಕ ಸಣ್ಣದಲ್ಲ. ಕಾಯ್ದೆಯ ಪ್ರಕಾರ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಒಬ್ಬರು ನಲಿಕಲಿಗೆ, ಇನ್ನೊಬ್ಬರು ನಾಲ್ಕು ಐದಕ್ಕೆ ಅಂತಿರುವ ಶಾಲೆಯಲ್ಲಿ ಒಬ್ಬರು ತರಬೇತಿಗೆ ಹೋದರೆ ಐದೂ ತರಗತಿ ಒಬ್ಬರ ಮೇಲೆ.

ಕೊನೆಗೆ ಹೆಸರು. ಒಂದನೇ ತರಗತಿಯ ದಾಖಲಾತಿ ಪುಸ್ತಕದಲ್ಲಿ ಬರೆದದ್ದೇ ಟಿಸಿಗೆ, ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುತ್ತದೆ. ಒಂದರಲ್ಲಿ ಮೊಹಮ್ಮದ್ ಪೂರ್ತಿ, ಇನ್ನೊಂದರಲ್ಲಿ ‘ಎಂಡಿ’ ಎರಡೇ ಅಕ್ಷರ. ಆಧಾರ್‌ನಲ್ಲಿ ಇನಿಷಿಯಲ್ ಇಲ್ಲ, ಶಾಲೆಯಲ್ಲಿ ಇದೆ. ಇಂಥ ವ್ಯತ್ಯಾಸದಿಂದ ವಿದ್ಯಾರ್ಥಿವೇತನದ ಅರ್ಜಿ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ನಿಂತುಹೋಗುತ್ತದೆ. ಅಲ್ಪಸಂಖ್ಯಾತ ಮಕ್ಕಳಿಗೆ ಒಂದರಿಂದ ಎಂಟರವರೆಗೆ ಬರುತ್ತಿದ್ದ ಕೇಂದ್ರದ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನ 2022-23ರಿಂದ ನಿಂತಿದೆ. ಅದಕ್ಕೇ ಉಳಿದ ದಾರಿಗಳು ಕಾಗುಣಿತದ ತಪ್ಪಿಗೆ ಮುಚ್ಚುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಐದನೇ ತರಗತಿಯಲ್ಲಿ ಒಮ್ಮೆ, ಎಂಟರಲ್ಲಿ ಇನ್ನೊಮ್ಮೆ, ಆಧಾರ್, ದಾಖಲಾತಿ ಪುಸ್ತಕ, ಜಾತಿ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕು ನಾಲ್ಕನ್ನೂ ಮೇಜಿನ ಮೇಲೆ ಹರಡಿ ಒಂದೊಂದು ಅಕ್ಷರ ಹೋಲಿಸಿ ನೋಡಬೇಕು. ತಪ್ಪಿದ್ದರೆ ಹತ್ತನೇ ತರಗತಿಯ ನೋಂದಣಿಗೆ ಮೊದಲೇ ಸರಿಪಡಿಸಬೇಕು, ಆಮೇಲೆ ಅಲೆದಾಟ ಹೆಚ್ಚು.

ಇದನ್ನೆಲ್ಲ ಒಬ್ಬ ಮುಖ್ಯೋಪಾಧ್ಯಾಯರ ತಲೆಗೆ ಕಟ್ಟಲಾಗದು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇರುವುದು ಇದಕ್ಕೇ. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಸಭೆಯನ್ನು ಬೆಳಗ್ಗೆ 11ಕ್ಕೆ ಕರೆದರೆ ರೇಷ್ಮೆ ರೀಲಿಂಗ್ ಕೆಲಸದ ತಾಯಂದಿರು ಬರುವುದಾದರೂ ಹೇಗೆ? ಕುದಿಯುವ ನೀರಿನಲ್ಲಿ ಗೂಡು ಹಾಕಿ ಕೂತವರು ಎದ್ದರೆ ಅಂದಿನ ಕೂಲಿ ಹೋಯಿತು. ಸಂಜೆ ಆರೂವರೆಗೆ ಕರೆಯಿರಿ, ನೋಟಿಸನ್ನು ಮಕ್ಕಳ ಕೈಯಲ್ಲಿ ಕೊಡುವುದರ ಜೊತೆಗೆ ಅವರ ಮನೆಮಾತಿನಲ್ಲೇ ವಾಟ್ಸಾಪ್‌ ಧ್ವನಿ ಸಂದೇಶ ಕಳಿಸಿ. ಬರುವಾಗ ಮಗುವಿನ ಆಧಾರ್ ಕಾರ್ಡು, ಪಾಸ್‌ಬುಕ್ಕು ಎರಡನ್ನೂ ತರಲು ಹೇಳಿ. ಹೆಸರು ಹೋಲಿಸುವ ಕೆಲಸ ಆ ಸಭೆಯಲ್ಲೇ ಮುಗಿಯುತ್ತದೆ.