ನೀರನ್ನು ನಂಬಿದ ಗಡಿ

1898ರ ಜೂನ್ 9ರಂದು ಪೀಕಿಂಗ್‌ನಲ್ಲಿ ಸಹಿಯಾದ ಒಪ್ಪಂದದ ಪ್ರಕಾರ ಹಾಂಗ್‌ಕಾಂಗ್‌ನ ನ್ಯೂ ಟೆರಿಟರೀಸ್ ಎಂಬ ಪ್ರದೇಶ ಚೀನಾದಿಂದ ಬ್ರಿಟಿಷರಿಗೆ 99 ವರ್ಷದ ಗುತ್ತಿಗೆಗೆ ಸಿಕ್ಕಿತು. ಅದಕ್ಕೆ ಲಗತ್ತಿಸಿದ್ದ ನಕ್ಷೆಯಲ್ಲಿ ಉತ್ತರದ ಗಡಿ ಎಂದರೆ ಪಶ್ಚಿಮದ ಕೊಲ್ಲಿ ಡೀಪ್ ಬೇಯಿಂದ ಪೂರ್ವದ ಕೊಲ್ಲಿ ಮಿರ್ಸ್ ಬೇವರೆಗೆ ಎಳೆದ ಒಂದು ಗೆರೆ, ಅಷ್ಟೆ. ಖಚಿತ ಗಡಿಯನ್ನು ಮೋಜಣಿ ಆದಮೇಲೆ ಗೊತ್ತುಮಾಡುವುದೆಂದು ಒಪ್ಪಂದವೇ ಹೇಳಿತ್ತು.

1899ರ ಮಾರ್ಚ್‌ನಲ್ಲಿ ಬ್ರಿಟಿಷರ ಕಡೆಯಿಂದ ಸ್ಟೀವರ್ಟ್ ಲಾಕ್‌ಹಾರ್ಟ್, ಚೀನಾ ಕಡೆಯಿಂದ ವಾಂಗ್ ತ್ಸುನ್‌ಶಾನ್ ಸ್ಥಳಕ್ಕೇ ಹೋಗಿ ಗಡಿ ಗುರುತಿಸಿದರು. ಕೆಲವೇ ದಿನಗಳ ಕೆಲಸ. 19ರಂದು ಸಹಿಯೂ ಬಿತ್ತು. ಅಷ್ಟರಲ್ಲಿ ನೆಲವನ್ನು ತ್ರಿಕೋನಗಳಾಗಿ ಹಂಚಿ ಕೋನ ಅಳೆಯುವ ತ್ರಿಕೋನ ಮೋಜಣಿ ಎಲ್ಲಿಂದ ಬರಬೇಕು? ಗಡಿಯನ್ನು ಮಾತಿನಲ್ಲೇ ಬರೆದರು: ಮಿರ್ಸ್ ಬೇಯಲ್ಲಿ ಉಬ್ಬರದ ಗೆರೆ, ಶಾ ತೌ ಕೋಕ್ ಊರಿನ ಬಳಿ ಗೂಟಗಳು, ಹಳ್ಳದ ಪಾತ್ರ, ಆಮೇಲೆ ಶೆನ್‌ಜೆನ್ ನದಿಯ ಉತ್ತರ ದಡ. ನದಿಯ ನಡುಗೆರೆಯನ್ನಲ್ಲ, ದಡವನ್ನು ಹಿಡಿದದ್ದರಿಂದ ಇಡೀ ನದಿ ಗುತ್ತಿಗೆಗೆ ಸೇರಿತು.

ತೊಡಕಿರುವುದು ಇಲ್ಲೇ. ಉಬ್ಬರ ಎಂದರೆ ಯಾವುದು, ಹುಣ್ಣಿಮೆಯದೋ ಅಷ್ಟಮಿಯದೋ? ಕಡಿದಾದ ಬಂಡೆ ತೀರದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಆದರೆ 500 ಮೀಟರಿಗೆ ಒಂದೇ ಮೀಟರ್ ಇಳಿಯುವ ಕೆಸರು ಬಯಲಿನಲ್ಲಿ ಎತ್ತರ 20 ಸೆಂಟಿಮೀಟರ್ ತಪ್ಪಿದರೆ ಗೆರೆ 100 ಮೀಟರ್ ಜರುಗುತ್ತದೆ. ದಡವೂ ಅಷ್ಟೆ, ಒಂದು ಕಡೆ ಕೊರೆಯುತ್ತದೆ, ಇನ್ನೊಂದು ಕಡೆ ಹೂಳು ತುಂಬುತ್ತದೆ. ಇಂಥಲ್ಲಿ ದಡದಿಂದ ದೂರದ ಗಟ್ಟಿ ಗುರುತುಗಳಿಗೆ ಕೋನ, ಅಂತರ ಅಳೆದು ಬರೆದಿಡದಿದ್ದರೆ ಹಳೆಯ ಗೆರೆ ಮತ್ತೆ ಸಿಗುವುದಿಲ್ಲ.

ಶಾ ತೌ ಕೋಕ್‌ನ ಮರದ ಗೂಟಗಳ ಜಾಗಕ್ಕೆ 1905ರಲ್ಲಿ ಕಲ್ಲು ಬಂದವು. ಒಂದು ಮುಖದಲ್ಲಿ ಚೀನೀ ಬರಹ, ಇನ್ನೊಂದರಲ್ಲಿ ಇಂಗ್ಲಿಷ್, ಕೆಳಗೆ ಸಂಖ್ಯೆ. ಕೆತ್ತಿದ ಇಸವಿ ಮಾತ್ರ 1898: ಗುತ್ತಿಗೆಯ ವರ್ಷ, ಕಲ್ಲು ನೆಟ್ಟ ವರ್ಷವಲ್ಲ. ಹಳ್ಳ ಬತ್ತಿ, ಅದರ ಪಾತ್ರವೇ ಚುಂಗ್ ಯಿಂಗ್ ಬೀದಿಯಾಯಿತು. ಅಂಗಡಿಗಳ ಎದುರು ಆ ಬಾಂದುಕಲ್ಲುಗಳು ಈಗಲೂ ಇವೆ.

ಒಳಗಿನ ಹೊಲಗದ್ದೆಗಳ ಅಳತೆಗೆ ಭಾರತದಿಂದ ಸರ್ವೆಯವರನ್ನು ಕರೆಸಿದರು. ನಕ್ಷೆಯ ಪ್ರಮಾಣ ಹೊಲಗಳಿಗೆ 1:3960, ಒತ್ತೊತ್ತಾದ ಕಡೆ 1:1980. ಮೊದಲ ಪ್ರಮಾಣದಲ್ಲಿ ಕಾಲು ಮಿಲಿಮೀಟರ್ ಪೆನ್ಸಿಲ್ ಗೆರೆಯೇ ನೆಲದ ಮೇಲೆ ಒಂದು ಮೀಟರ್. ಕಾಗದ ಕುಗ್ಗಿದರೆ ತಪ್ಪು ಇನ್ನೂ ಹೆಚ್ಚು. ಆ ಹಾಳೆಯ ಮೇಲೆ ಅಡಿಪಟ್ಟಿ ಇಟ್ಟು ಸೆಂಟಿಮೀಟರ್ ಲೆಕ್ಕದಲ್ಲಿ ಬೇಲಿ ಜಗಳ ತೀರಿಸಹೊರಡುವುದು ವ್ಯರ್ಥ.

1997ರಲ್ಲಿ ಶೆನ್‌ಜೆನ್ ನದಿಯನ್ನು ನೇರ ಮಾಡಿದಾಗ ಗಡಿ ಹೊಸ ಪಾತ್ರದ ನಡುಗೆರೆಗೆ ಬಂತು. ಹಳೆಯ ತಿರುವಿನೊಳಗಿದ್ದ ಲೋಕ್ ಮಾ ಚೌ ಲೂಪ್ ಎಂಬ ಸುಮಾರು 87 ಹೆಕ್ಟೇರ್ ನೆಲ ಹಾಂಗ್‌ಕಾಂಗ್ ಪಾಲಾಯಿತು.