ಗೋಲ್‌ಪೋಸ್ಟ್ ಒಂದು, ಗೋಲಿಗಳು ಇಬ್ರು

ನಮ್ಮ ಭದ್ರಾವತೀಲಿ ಫುಟ್‌ಬಾಲ್ ಬಂದಿದ್ದೇ ಕಾರ್ಖಾನೆ ಕ್ವಾರ್ಟರ್ಸ್ ಜೊತೆ ಅಂತ ನಾನು ನಂಬ್ಕೊಂಡಿದೀನಿ. ಕೆಮ್ಮಣ್ಣುಗುಂಡಿ ಅದಿರು, ಕಾಡಿನ ಇದ್ದಿಲು ಹಾಕಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಸಿದ ಊರು ಇದು, 1936ರಲ್ಲಿ ಕಾಗದದ ಕಂಪನಿನೂ ಹುಟ್ತು. ಕೆಲಸಕ್ಕೆ ಅಂತ ತಮಿಳ್ರು, ತೆಲುಗ್ರು, ಮಲಯಾಳಿಗಳು ಎಲ್ಲಾ ಬಂದು ಇಲ್ಲೇ ಉಳ್ಕೊಂಡ್ರು. ನಾವು ಚಿಕ್ಕೋರಿದ್ದಾಗ ನ್ಯೂಟೌನ್ ಹುಡುಗ್ರದ್ದು ಒಂದು ಟೀಮು, ಪೇಪರ್‌ಟೌನಿನ ನಮ್ದು ಇನ್ನೊಂದು, ಎರಡಕ್ಕೂ ಮ್ಯಾಚ್ ಅಂದ್ರೆ ಪಾಳಿ ಮುಗಿಸಿ ಬಂದ ಅಪ್ಪಂದಿರು ಮನೆಗೂ ಹೋಗ್ದೆ ಟಿಫನ್ ಕ್ಯಾರಿಯರ್ ಹಿಡ್ಕೊಂಡೇ ಫೀಲ್ಡ್ ಹತ್ರ ನಿಂತಿರ್ತಿದ್ರು.

ಆಮೇಲೆ ಮಿಲ್ ನಿಂತು ಕ್ವಾರ್ಟರ್ಸ್ ಒಂದೊಂದೇ ಖಾಲಿಯಾಗ್ತಾ ಬಂತು. ಒಂದು ಸಂಜೆ ಪ್ರಾಕ್ಟೀಸಿಗೆ ನಾವು ಬರೀ ಏಳು ಜನ. ಅವ್ರ ಕಡೆ ಒಂಬತ್ತು ಅಂತ ಗೊತ್ತಾಯ್ತು.

ಎರಡೂ ಸೇರ್ಸೋಣ ಅಂತ ಮೀಟಿಂಗ್ ಆಗಿದ್ದು ಜೂನ್ ತಿಂಗಳ ಒಂದು ಭಾನುವಾರ, ಶೀಟ್ ಹೊದಿಸಿದ ಶೆಡ್ಡು, ಮೇಲೆ ಮಳೆ ಸುರೀತಿದ್ರೆ ಕೂಗಿ ಮಾತಾಡ್ಬೇಕು, ಅದಕ್ಕೇನೋ ಎಲ್ರೂ ಜಗಳ ಆಡ್ತಿರೋ ಹಾಗೇ ಕೇಳ್ತಿತ್ತು. ನಿಜವಾಗ್ಲೂ ಜಗಳ ಆಗಿದ್ದು ಹೆಸರಿಗೆ, ಯಾರ ಹೆಸರು ಮೊದ್ಲು ಬರ್ಬೇಕು ಅಂತ. ನಮ್ಮ ಸೀನಿಯರ್ ಒಬ್ರು ಸ್ಕಾಟ್ಲೆಂಡಿನ ಇನ್ವರ್ನೆಸ್ ಕಥೆ ತೆಗೆದ್ರು. ಅಲ್ಲಿ 1994ರಲ್ಲಿ ಕ್ಯಾಲೆಡೋನಿಯನ್, ಥಿಸಲ್ ಅಂತ ಎರಡು ಕ್ಲಬ್ ಸೇರಿದಾಗ ಹಳೇ ಅಭಿಮಾನಿಗಳು ಸಿಟ್ಟಾಗಿದ್ರಂತೆ, ಆದ್ರೆ ಅದೇ ಟೀಮು 2000ದಲ್ಲಿ ಅಲ್ಲಿನ ದೊಡ್ಡ ಕ್ಲಬ್ ಸೆಲ್ಟಿಕ್‌ನ ಅವ್ರ ಮೈದಾನದಲ್ಲೇ 3-1ರಲ್ಲಿ ಸೋಲಿಸ್ತು, 2015ರಲ್ಲಿ ಸ್ಕಾಟಿಷ್ ಕಪ್ಪೂ ಗೆದ್ಕೊಂಡ್ತು. ‘ಅವ್ರು ಎರಡೂ ಹೆಸ್ರು ಇಟ್ಕೊಂಡ್ರು ಕಣ್ರೋ’ ಅಂದ್ರು. ನಾವೂ ಎರಡೂ ಇಟ್ಕೊಂಡ್ವಿ, ಯಾವ್ದು ಮೊದ್ಲು ಅನ್ನೋದಕ್ಕೆ ಚೀಟಿ ಎತ್ತಿದ್ವಿ, ನ್ಯೂಟೌನ್ ಬಂತು. ಜೆರ್ಸಿ ಬಣ್ಣ ಬೇಗ ಮುಗೀತು, ಅವ್ರ ಕೆಂಪಿಗೆ ಎದೆ ಮೇಲೆ ನಮ್ಮ ಹಳದಿ ಪಟ್ಟಿ.

ಅಲ್ಲಿವರ್ಗೂ ನಾನು ಖುಷಿಯಾಗೇ ಇದ್ದೆ. ಲಿಸ್ಟ್ ಬರೆಯೋಕೆ ಕೂತಾಗ ತಲೆಗೆ ಹೊಳೀತು, ಗೋಲ್ ಕಾಯೋ ಗೋಲಿ ಇಬ್ರು, ನಾನೊಬ್ಬ, ನ್ಯೂಟೌನ್‌ನೋರು ಒಬ್ರು. ಹದಿನೈದು ವರ್ಷದಿಂದ ಎದುರು ಪೋಸ್ಟಲ್ಲಿ ನೋಡಿರೋ ಅಣ್ಣ ಅವ್ರು, ನನಗಿಂತ ಆರು ವರ್ಷ ದೊಡ್ಡೋರು, ಮಾತು ಕಮ್ಮಿ. ಮಳೆ ಸ್ವಲ್ಪ ಬಿಟ್ಟ ಮೇಲೆ ಕೆಸರಲ್ಲೇ ಐದೈದು ಪೆನಾಲ್ಟಿ ಇಟ್ರು. ನಾನು ಒಂದು ಹಿಡ್ದೆ. ಅವ್ರು ಮೂರು. ಯಾರೂ ಏನೂ ಹೇಳ್ಲಿಲ್ಲ, ನಾನೇ ನನ್ನ ಗ್ಲೌಸ್ ಬ್ಯಾಗಿಗೆ ಹಾಕ್ಕೊಂಡೆ. ಆವತ್ತು ರಾತ್ರಿ ಅಮ್ಮ ಊಟಕ್ಕೆ ಕರೆದ್ರೂ ಎದ್ದು ಹೋಗೋಕೆ ಮನಸ್ಸಾಗ್ಲಿಲ್ಲ, ಬಿಟ್ಟೇ ಬಿಡೋಣ ಆಟ ಅನ್ನಿಸಿತ್ತು.

ಬಿಡ್ಲಿಲ್ಲ. ಸೇರಿದ ಟೀಮಿನ ಮೊದಲ್ನೇ ಮ್ಯಾಚು ಶಿವಮೊಗ್ಗದಲ್ಲಿ, ನಾನು ಬೆಂಚಲ್ಲಿ. 0-0 ನಡೀತಿತ್ತು, ಮುಗಿಯೋಕೆ ಹತ್ತು ನಿಮಿಷ ಇರ್ಬೇಕಾದ್ರೆ ಅವ್ರಿಗೆ ಪೆನಾಲ್ಟಿ. ಒದಿಯೋಕೆ ಬಂದೋನ್ನ ನೋಡಿದ್ರೆ ನಮ್ಮ ಪಕ್ಕದ ಕ್ವಾರ್ಟರ್ಸಲ್ಲೇ ಇದ್ದೋನು, ಮನೆ ಶಿಫ್ಟ್ ಮಾಡಿ ಅಲ್ಲಿಗೆ ಹೋಗಿದ್ದ, ದಿನಾ ಸಂಜೆ ನನಗೇ ಒದ್ದು ಕಲ್ತಿದ್ದೋನು. ಅವನು ಓಡೋಕೆ ಮುಂಚೆ ಎಡಗಡೆ ನೋಡ್ತಾನೆ, ಒದಿಯೋದು ಬಲಕ್ಕೆ. ಲೈನ್ ಹೊರಗಿಂದ್ಲೇ ಗಂಟ್ಲು ಹರಿಯೋ ಹಾಗೆ ಕೂಗ್ದೆ, ‘ಅಣ್ಣಾ, ನಿನ್ನ ಎಡಕ್ಕೆ ಬೀಳು, ನಿನ್ನ ಎಡಕ್ಕೆ!’ ಅಣ್ಣ ತಿರುಗಿ ನೋಡ್ಲೂ ಇಲ್ಲ, ಆದ್ರೆ ಎಡಕ್ಕೇ ಹಾರಿದ್ರು. ಬೆರಳಿಗೆ ತಗುಲ್ತು, ಆದ್ರೂ ಬಾಲ್ ಒಳಗೆ ಹೋಯ್ತು. 0-1, ಸೋತ್ವಿ.

ವಾಪಸ್ ಬಂದು ಬಸ್‌ಸ್ಟ್ಯಾಂಡ್ ಹತ್ರ ಇಳಿದ ಮೇಲೆ ಅಣ್ಣ ನನ್ನ ಹೆಗಲು ಹಿಡಿದು ಮಂಡಕ್ಕಿ ಅಂಗಡಿ ಕಡೆ ತಿರುಗಿಸ್ಕೊಂಡ್ರು. ಎರಡು ಪ್ಲೇಟ್ ಹೇಳಿ, ‘ಸರಿಯಾಗೇ ಹೇಳಿದ್ದೆ ಕಣೋ, ನಾನೇ ಲೇಟ್ ಮಾಡ್ದೆ. ನಿಮ್ಮ ಪೇಪರ್‌ಟೌನಿಂದ ಹೋದೋರು ಇನ್ಯಾರ್ಯಾರು ಎಲ್ಲೆಲ್ಲಿ ಆಡ್ತಿದಾರೆ, ಯಾರು ಯಾವ ಕಡೆ ಒದೀತಾರೆ, ಎಲ್ಲಾ ಹೇಳು’ ಅಂದ್ರು. ನಾನು ಹೇಳ್ತಾ ಹೋದೆ, ಅಂಗಡಿಯೋನು ಲೈಟ್ ಆರಿಸೋವರ್ಗೂ.