ಹೆಸರು ಕಲಿಯುವ ತಿಂಗಳು

ಅಕ್ಟೋಬರ್ ಬಂದರೆ ನಮ್ಮ ಮನೆ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸುತ್ತೇನೆ. ಅದರಲ್ಲಿ ನಮ್ಮ ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ತಂಡದ ಹುಡುಗರ ಹೆಸರು, ಜೆರ್ಸಿ ನಂಬರ್, ಎತ್ತರ, ಯಾವ ಊರಿನವರು ಅನ್ನೋದು. ಹಾಲು ತೆಗೆಯಲು ಹೋದಾಗ ಒಂದು ಹೆಸರು ಓದುತ್ತೇನೆ. ಉಳಿದ ಸಾರು ಒಳಗಿಡಲು ಹೋದಾಗ ಇನ್ನೊಂದು. ನವೆಂಬರ್ ಮೊದಲ ವಾರದೊಳಗೆ ಹಾಳೆ ನೋಡದೆ ಎಲ್ಲರನ್ನೂ ಹೇಳುವಂತಾಗಬೇಕು. ಈ ವರ್ಷ, ಅಂದರೆ 2025ರಲ್ಲಿ, ಕೆಲಸ ಜಾಸ್ತಿ ಇದೆ. ಹಾಳೆ ತುಂಬ ಹೊಸಬರು.

ನಾನಿರುವುದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್‌ನಲ್ಲಿ. ಒಂದು ಲಕ್ಷ ಜನವೂ ಇಲ್ಲದ ಊರು. ಸುತ್ತ ಗೋಧಿ ಹೊಲ, ನಡುವೆ ಒಂದು ಗುಡ್ಡ, ಗುಡ್ಡದ ಮೇಲೆ ಯೂನಿವರ್ಸಿಟಿ. 2021ರ ಆಗಸ್ಟ್‌ನಲ್ಲಿ ಮೈಸೂರಿನಿಂದ ಪಿಎಚ್‌ಡಿ ಮಾಡಲು ಬಂದೆ. ಬಂದ ಮೊದಲ ವಾರ ಬ್ಯಾಂಕಿನಲ್ಲಿ, ತರಕಾರಿ ಅಂಗಡಿಯಲ್ಲಿ, ಬಸ್ಸಿನಲ್ಲಿ ಎಲ್ಲರ ಅಂಗಿ ಮೇಲೂ ಒಂದೇ ಹಕ್ಕಿ. ನೀಲಿ ಮೈ, ಹಳದಿ ಕೊಕ್ಕು, ಕಾಲಿಗೆ ಬೂಟು. ಅದು ಜೇಹಾಕ್, ಯೂನಿವರ್ಸಿಟಿ ತಂಡದ ಗುರುತು. ಕಾಡಿನಲ್ಲಿ ಎಲ್ಲೂ ಸಿಗದ ಹಕ್ಕಿ, ಈ ಊರಿನವರ ಎದೆಯಲ್ಲಿ ಮಾತ್ರ ಇರುವಂಥದ್ದು.

ಊರಿಂದ ಫೋನ್ ಮಾಡಿದವರು ಕೇಳುತ್ತಾರೆ, "ಕಾಲೇಜು ಹುಡುಗರ ಆಟಕ್ಕೆ ಇಷ್ಟೊಂದಾ?" ಅಂತ. ನಮ್ಮಲ್ಲಿ ಇಂಟರ್ ಕಾಲೇಜು ಮ್ಯಾಚು ಅಂದರೆ ಆಡುವವರು, ಬದಲಿ ಆಟಗಾರರು, ಅವರ ನಾಲ್ಕು ಜನ ಗೆಳೆಯರು. ಇಲ್ಲಿ ಹಾಗಲ್ಲ. ಕ್ಯಾನ್ಸಸ್ ರಾಜ್ಯಕ್ಕೆ ಎನ್‌ಬಿಎ, ಅಂದರೆ ವೃತ್ತಿಪರರ ದೊಡ್ಡ ಲೀಗ್‌ನ ತಂಡವೇ ಇಲ್ಲ. ಇರುವುದೆಲ್ಲ ಕಾಲೇಜು ತಂಡಗಳೇ. ಅಲೆನ್ ಫೀಲ್ಡ್‌ಹೌಸ್ ಅನ್ನೋ ಹಳೇ ಒಳಾಂಗಣದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. 1955ರಲ್ಲಿ ಬಾಗಿಲು ತೆರೆದ ಕಟ್ಟಡ ಅದು. 2017ರ ಫೆಬ್ರವರಿಯಲ್ಲಿ ವೆಸ್ಟ್ ವರ್ಜೀನಿಯಾ ಜೊತೆಗಿನ ಮ್ಯಾಚಿನಲ್ಲಿ ಜನ ಕೂಗಿದ ಸದ್ದು 130.4 ಡೆಸಿಬೆಲ್ ಆಯ್ತು. ಒಳಾಂಗಣದ ಗದ್ದಲಕ್ಕೆ ಗಿನ್ನೆಸ್ ದಾಖಲೆ ಬರೆದರು. ಅದಕ್ಕೇ ನನ್ನ ತಯಾರಿಯಲ್ಲಿ ಗಂಟಲೂ ಸೇರಿದೆ. ಅಮ್ಮ ಕಳಿಸಿದ ಕಷಾಯದ ಪುಡಿ ಡಬ್ಬಿಯನ್ನು ಅಕ್ಟೋಬರ್‌ನಲ್ಲೇ ಮುಂದಕ್ಕೆ ಎತ್ತಿಟ್ಟುಕೊಳ್ಳುತ್ತೇನೆ.

ಸೀಸನ್ ಶುರುವಾಗುವ ಮುಂಚೆ ಪ್ರತಿ ವರ್ಷ ಎರಡು ಕಡೆ ಹೋಗಿ ಬರುತ್ತೇನೆ. ಒಂದು, ಊರಾಚೆಯ ಸ್ಮಶಾನದಲ್ಲಿರುವ ಜೇಮ್ಸ್ ನೈಸ್ಮಿತ್ ಸಮಾಧಿ. 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಚಳಿಗೆ ಹೊರಗೆ ಆಡಲಾಗದೆ ಚಡಪಡಿಸುತ್ತಿದ್ದ ಹುಡುಗರಿಗಾಗಿ ಎರಡು ಹಣ್ಣಿನ ಬುಟ್ಟಿ ಕಟ್ಟಿ ಈ ಆಟ ಹುಟ್ಟಿಸಿದವರು. 1898ರಲ್ಲಿ ಲಾರೆನ್ಸ್‌ಗೆ ಬಂದರು. 1939ರಲ್ಲಿ ಇಲ್ಲೇ ತೀರಿಕೊಂಡರು. ಈ ತಂಡದ ಮೊದಲ ಕೋಚ್ ಅವರೇ. 55 ಗೆದ್ದು 60 ಸೋತರು. ಇಷ್ಟು ವರ್ಷಗಳಲ್ಲಿ ಇಲ್ಲಿ ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚಿರುವ ಕೋಚ್ ಅವರೊಬ್ಬರೇ. ಆದರೂ ಅಂಗಳಕ್ಕೆ ಅವರದೇ ಹೆಸರು, ಮುಂದಿನ ರಸ್ತೆಗೂ ಅವರದೇ ಹೆಸರು. ಸೋಲು ಗೆಲುವು ಎಣಿಸದೆ ಒಬ್ಬರನ್ನು ಇಷ್ಟು ಗೌರವಿಸುವ ಊರು ನನಗೆ ಆಗಲೇ ಹಿಡಿಸಿಬಿಟ್ಟಿತ್ತು.

ಇನ್ನೊಂದು, ಫೀಲ್ಡ್‌ಹೌಸ್‌ಗೆ ಅಂಟಿಕೊಂಡೇ ಇರುವ ಡಿಬ್ರೂಸ್ ಸೆಂಟರ್. ನೈಸ್ಮಿತ್ ಟೈಪ್ ಮಾಡಿಸಿದ 13 ನಿಯಮಗಳ ಎರಡು ಹಾಳೆ ಅಲ್ಲಿವೆ. ಇಲ್ಲೇ ಓದಿದ ಡೇವಿಡ್ ಬೂತ್ 2010ರಲ್ಲಿ ಹರಾಜಿನಲ್ಲಿ 43 ಲಕ್ಷ ಡಾಲರ್ ಕೊಟ್ಟು ಕೊಂಡು ಯೂನಿವರ್ಸಿಟಿಗೆ ತಂದರು. ಕಂದಿದ ಕಾಗದ, ಕಪ್ಪು ಅಕ್ಷರ. ಮೂರನೇ ನಿಯಮ: ಚೆಂಡು ಹಿಡಿದು ಓಡುವಂತಿಲ್ಲ. ಅದನ್ನು ಓದುವಾಗಲೆಲ್ಲ ನಮ್ಮ ಹೈಸ್ಕೂಲಿನ ಸಿಮೆಂಟ್ ಅಂಗಳ ಕಣ್ಣ ಮುಂದೆ ಬರುತ್ತದೆ. "ಓಡ್ಬೇಡ್ವೇ, ಬಾಲ್ ಬಡೀ!" ಅಂತ ಪಿ.ಟಿ. ಮೇಷ್ಟ್ರು ಸೀಟಿ ಊದುತ್ತಿದ್ದರು. ಅವರು ಹೇಳುತ್ತಿದ್ದ ಮಾತಿನ ಮೂಲ ಈ ಗಾಜಿನ ಹಿಂದಿದೆ. ಮೊದಲ ಸಲ ನೋಡಿದಾಗ ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸಿದೆ. ತುಂಬ ಹೊತ್ತಾದ ಮೇಲೆ ಉತ್ತರ ಬಂತು, "ಕೈ ಮುಗಿದು ಬಾಮ್ಮ" ಅಂತ. ಮುಗಿದಿದ್ದೆ.

ನೈಸ್ಮಿತ್ ಶಿಷ್ಯ ಫಾಗ್ ಅಲೆನ್. ಫೀಲ್ಡ್‌ಹೌಸ್‌ಗೆ ಇರುವುದು ಇವರ ಹೆಸರು. ನಿಜವಾದ ಹೆಸರು ಫಾರೆಸ್ಟ್. ಮಂಜಿನಲ್ಲಿ ಹಡಗಿಗೆ ದಾರಿ ತೋರಿಸುವ ಕೊಂಬಿನಂಥ ಗಂಟಲು ಅಂತ ಫಾಗ್ ಎಂದು ಕರೆದರು. ಅವರ ಕೈಯಲ್ಲಿ ಆಡಿದ ಅಡಾಲ್ಫ್ ರಪ್ ಕೆಂಟಕಿಗೆ ಹೋಗಿ ದೊಡ್ಡ ಕೋಚ್ ಆದರು. ಡೀನ್ ಸ್ಮಿತ್ ನಾರ್ತ್ ಕ್ಯಾರೊಲಿನಾಕ್ಕೆ ಹೋದರು. ನಮ್ಮ ಸಂಗೀತದ ಮನೆತನಗಳ ಹಾಗೇ ಇದು. ಯಾರ ಬಳಿ ಯಾರು ಕಲಿತರು ಅಂತ ಇಲ್ಲಿನ ಹಿರಿಯರು ಉಸಿರು ತಗೊಳ್ಳದೆ ಹೇಳುತ್ತಾರೆ. ಈ ಸಲ ನವೆಂಬರ್ 7ಕ್ಕೆ ನಮ್ಮ ಹುಡುಗರು ನಾರ್ತ್ ಕ್ಯಾರೊಲಿನಾಕ್ಕೆ ಹೋಗಿ ಆಡುತ್ತಾರೆ. ಅದು ನನಗೆ ದಾಯಾದಿಗಳ ಮನೆಗೆ ಹೋದ ಹಾಗೆ. 18ಕ್ಕೆ ನ್ಯೂಯಾರ್ಕ್‌ನಲ್ಲಿ ಡ್ಯೂಕ್ ಯೂನಿವರ್ಸಿಟಿ ಜೊತೆ.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಎದುರು ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ಹತ್ತಾರು ವರ್ಷಗಳಿಂದ ಸೀಸನ್ ಟಿಕೆಟ್ ಅವರದು. ಅವರ ಬಳಿ ಒಂದು ರಟ್ಟಿನ ಹೊದಿಕೆಯ ನೋಟ್‌ಬುಕ್ ಇದೆ. ಪ್ರತಿ ಅಕ್ಟೋಬರ್‌ನಲ್ಲಿ ತಂಡದ ಹೆಸರುಗಳನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಾರೆ. ಪೆನ್ನಿನಲ್ಲಿ ಬರೆಯುವುದು ಮೊದಲ ಮ್ಯಾಚು ಆದ ಮೇಲೆಯೇ. ಹೋದ ವರ್ಷ ಅಂಗಳದ ಎಲೆ ಗುಡಿಸಲು ಸಹಾಯ ಮಾಡಲು ಹೋದಾಗ ನನ್ನ ಕೈಗೆ ಕೊಟ್ಟರು. ಹಳೇ ಪುಟಗಳಲ್ಲಿ ಒಂದೇ ಪಟ್ಟಿ ಎರಡು ಮೂರು ವರ್ಷ ನಡೆದಿದೆ. ಓದು ಮುಗಿಸಿ ಹೋದ ಮೂವರ ಮೇಲೆ ಒಂದು ಗೆರೆ, ಕೆಳಗೆ ಹೊಸ ಮೂವರು. ಮಾಸಿದ ಅಕ್ಷರ, ಮೇಲೆ ಹೊಸ ಅಕ್ಷರ. 2021ರ ನಂತರ ನೋಡಿದರೆ ವರ್ಷಕ್ಕೊಂದು ಪುಟ. ಗೆರೆ ಎಳೆಯಲು ಜಾಗವೇ ಇಲ್ಲ.

ಕಾರಣ ಇದು. ಮೊದಲು ಕಾಲೇಜು ಬದಲಾಯಿಸಿದ ಹುಡುಗ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಆ ಕಟ್ಟು ಸಡಿಲವಾಯ್ತು. ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿದ್ದಕ್ಕೆ ದುಡ್ಡು ಪಡೆಯಬಹುದು ಅಂತಾಯ್ತು. ಈ ಜುಲೈನಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು. ಇದರಿಂದ ಆಟ ಹಾಳಾಯ್ತು ಅಂತ ಬೇಜಾರು ಮಾಡಿಕೊಳ್ಳುವವರು ಬಹಳ. ನನಗೆ ಹಾಗನಿಸುವುದಿಲ್ಲ. ಈ ಹುಡುಗರ ಬೆವರಿನಿಂದ ಟಿವಿಯವರು, ಕಾಲೇಜುಗಳು ಎಲ್ಲ ಗಳಿಸುವಾಗ ಅವರ ಕೈ ಮಾತ್ರ ಖಾಲಿ ಇತ್ತು. ಅದು ಅನ್ಯಾಯವೇ. ಆದರೆ ನೋಡುವವರಿಗೆ ಒಂದು ಕೆಲಸ ಹೆಚ್ಚಾಯ್ತು. ಮೊದಲು ಹುಡುಗ ನಾಲ್ಕು ವರ್ಷದಲ್ಲಿ ತಾನಾಗಿ ನಮ್ಮವನಾಗುತ್ತಿದ್ದ. ಈಗ ಐದು ತಿಂಗಳಲ್ಲಿ ಆಗಬೇಕು. ಅದಕ್ಕೆ ನಾವೇ ಮುಂದೆ ಹೋಗಬೇಕು.

"ಸುಮ್ನೆ ಕಿರುಚಬೇಡ, ಹೆಸರು ಹಿಡಿದು ಕೂಗು. ಆ ಹುಡುಗ ತಿರುಗಿ ನೋಡಬೇಕು," ಅಂದರು ಅಜ್ಜ. ಫ್ರಿಜ್ ಮೇಲಿನ ಹಾಳೆ ಶುರುವಾದದ್ದು ಅವತ್ತಿನಿಂದ.

ಈ ವರ್ಷ ಅವರ ಪುಟ ಹೆಚ್ಚುಕಡಿಮೆ ಪೂರ್ತಿ ಹೊಸದು. 2022ರಲ್ಲಿ ದೇಶದ ಕಾಲೇಜು ಟೂರ್ನಿ ಗೆದ್ದ ನಮ್ಮ ತಂಡದಲ್ಲಿದ್ದ ಡಾಜುವಾನ್ ಹ್ಯಾರಿಸ್, ಕೆ.ಜೆ. ಆಡಮ್ಸ್ ಇಬ್ಬರೂ ಮುಗಿಸಿದರು. ಹಂಟರ್ ಡಿಕಿನ್ಸನ್ ಹೋದರು. ಒಹಾಯೊದ ಕ್ಯಾಂಟನ್‌ನಿಂದ ಡ್ಯಾರಿನ್ ಪೀಟರ್ಸನ್ ಬಂದಿದ್ದಾನೆ. ದೇಶದ ಹೈಸ್ಕೂಲ್ ಹುಡುಗರಲ್ಲೇ ಮೇಲಿನ ಸಾಲಿನವನು. ಒಂದೇ ವರ್ಷ ಇದ್ದು ಎನ್‌ಬಿಎಗೆ ಹೋಗುತ್ತಾನೆ ಅಂತ ಎಲ್ಲರ ಲೆಕ್ಕ. ಇಲಿನಾಯ್ ಯೂನಿವರ್ಸಿಟಿಯಿಂದ ಟ್ರೇ ವೈಟ್, ಸೇಂಟ್ ಬೊನಾವೆಂಚರ್ ಯೂನಿವರ್ಸಿಟಿಯಿಂದ ಮೆಲ್ವಿನ್ ಕೌನ್ಸಿಲ್. ಉಳಿದುಕೊಂಡವರಲ್ಲಿ ನನಗೆ ಹತ್ತಿರದವನು ಫ್ಲೋರಿ ಬಿಡುಂಗಾ. ಕಾಂಗೋದ ಕಿನ್ಶಾಸಾದವನು. ವಸಂತದಲ್ಲಿ ಬೇರೆ ಕಡೆ ಹೋಗಲು ಹೆಸರು ಕೊಟ್ಟು, ಮತ್ತೆ ವಾಪಸ್ ತಗೊಂಡ. ಆ ಕೆಲವು ದಿನ ಈ ಊರಿನಲ್ಲಿ ನಿಟ್ಟುಸಿರೇ ಕೇಳುತ್ತಿತ್ತು. ಮನೆ ಬಿಟ್ಟು ಅಷ್ಟು ದೂರದಿಂದ ಈ ಗೋಧಿ ನಾಡಿಗೆ ಬಂದವನು ಅನ್ನೋ ಕಾರಣಕ್ಕೋ ಏನೋ, ಅವನು ಚೆಂಡು ಹಿಡಿದರೆ ನಾನು ಎದ್ದು ನಿಲ್ಲುತ್ತೇನೆ. ಅಮ್ಮನಿಗೆ ಆ ಹೆಸರು ಒಂದೇ ಸಲಕ್ಕೆ ಬಾಯಿಗೆ ಬಂತು. "ಬಿಡುಂಗಾ ಹೇಗಿದ್ದಾನೆ?" ಅಂತ ನೆಂಟರ ಹುಡುಗನನ್ನು ವಿಚಾರಿಸುವ ಹಾಗೆ ಕೇಳುತ್ತಾರೆ.

ಇನ್ನು ಸಾಲು. ವಿದ್ಯಾರ್ಥಿಗಳಿಗೆ ಸೀಟ್ ನಂಬರ್ ಇರುವುದಿಲ್ಲ. ಮೊದಲು ಒಳಗೆ ಹೋದವರಿಗೆ ಮುಂದಿನ ಜಾಗ. ಅದಕ್ಕೆ ದಿನಗಟ್ಟಲೆ ಕಾಯುವ ಪದ್ಧತಿ ಇದೆ, ಕ್ಯಾಂಪಿಂಗ್ ಅಂತಾರೆ. ಇಪ್ಪತ್ತು ಮೂವತ್ತು ಜನ ಸೇರಿ ಒಂದು ಗುಂಪು. ಚೀಟಿ ಎತ್ತಿ ಗುಂಪುಗಳ ಸಾಲು ನಿರ್ಧಾರ. ಆಮೇಲೆ ಮ್ಯಾಚಿನ ದಿನದವರೆಗೆ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಗುಂಪಿನ ಒಬ್ಬರಾದರೂ ಫೀಲ್ಡ್‌ಹೌಸ್ ಒಳಗಿನ ಓಣಿಯಲ್ಲಿ ಇರಬೇಕು. ಯಾವಾಗ ಬೇಕಾದರೂ ಹಾಜರಿ ಕೂಗುತ್ತಾರೆ. ಆಗ ಯಾರೂ ಓಗೊಡದಿದ್ದರೆ ಗುಂಪಿನ ಹೆಸರು ಪಟ್ಟಿಯಿಂದ ಹೋಯ್ತು. ಇದನ್ನೆಲ್ಲ ನಡೆಸುವುದು ವಿದ್ಯಾರ್ಥಿಗಳೇ. ಒಂದು ಹಾಳೆ, ಒಂದು ಪೆನ್ನು, ಮಾತಿನ ಮೇಲಿನ ನಂಬಿಕೆ.

ಎರಡನೇ ವರ್ಷ ನನ್ನಿಂದ ಒಂದು ತಪ್ಪಾಯ್ತು. ಜನವರಿ, ಹೊರಗೆ ಹಿಮ, ನನ್ನದು ಬೆಳಗಿನ ಪಾಳಿ. ರಾತ್ರಿ ಲ್ಯಾಬಿನಿಂದ ತಡವಾಗಿ ಬಂದು ಅಲಾರಂ ಇಡದೆ ಮಲಗಿಬಿಟ್ಟೆ. ಏಳುವಾಗ ಆರೂ ನಲವತ್ತು. ಓಡಿ ಹೋಗುವಷ್ಟರಲ್ಲಿ ಹಾಜರಿ ಮುಗಿದು ನಮ್ಮ ಗುಂಪಿನ ಮೇಲೆ ಗೆರೆ ಬಿದ್ದಿತ್ತು. ನಾಲ್ಕು ದಿನ ಇಪ್ಪತ್ತು ಜನ ಕಾದದ್ದು ನನ್ನಿಂದ ನೀರು ಪಾಲಾಯ್ತು. ಗೋಡೆಗೊರಗಿ ಅತ್ತೆ. ನಮ್ಮ ಗುಂಪಿನಲ್ಲಿ ಪಶ್ಚಿಮ ಕ್ಯಾನ್ಸಸ್‌ನ ರೈತರ ಮನೆ ಹುಡುಗಿ ಒಬ್ಬಳಿದ್ದಳು. ಅವಳು ಬಂದು ಪಕ್ಕ ಕೂತು ಒಂದು ಮಾತೂ ಆಡದೆ ಹಾಳೆಯ ಕೊನೆಯಲ್ಲಿ ನಮ್ಮ ಗುಂಪಿನ ಹೆಸರು ಮತ್ತೆ ಬರೆದಳು. ಆ ಮ್ಯಾಚು ಮೇಲಿನ ಸಾಲಿನಿಂದ ನೋಡಿದೆವು. ಯಾರೂ ನನ್ನನ್ನು ಬೈಯಲಿಲ್ಲ.

ಅಂದಿನಿಂದ ಮೊದಲ ಪಾಳಿ ನಾನೇ ಕೇಳಿ ತಗೊಳ್ಳುತ್ತೇನೆ. ಅವರಿಗೆಲ್ಲ ಕೋಡುಬಳೆ ಮಾಡಿಕೊಂಡು ಹೋಗುತ್ತೇನೆ. ಅಕ್ಕಿ ಹಿಟ್ಟು, ಚಿರೋಟಿ ರವೆ, ಕಾಯಿ, ಖಾರ ರುಬ್ಬಿ ಕಲಸಿ, ಸಣ್ಣ ಉರಿಯಲ್ಲಿ ಕರಿದರೆ ಹತ್ತು ದಿನ ಗರಿಗರಿ ಇರುತ್ತದೆ. ಓಣಿಯ ನೆಲದ ಮೇಲೆ ಕಂಬಳಿ, ಲ್ಯಾಪ್‌ಟಾಪ್, ನಡುವೆ ಕೋಡುಬಳೆ ಡಬ್ಬಿ. ರೈತರ ಮನೆ ಹುಡುಗಿ ಈಗ ಓದು ಮುಗಿಸಿ ಊರಿಗೆ ಹೋಗಿದ್ದಾಳೆ. ಅವಳ ತಮ್ಮ ನಮ್ಮ ಗುಂಪು ಸೇರಿದ್ದಾನೆ. ಬಂದ ದಿನವೇ ಡಬ್ಬಿ ಎಲ್ಲಿ ಅಂತ ಕೇಳಿದ.

ಒಳಗೆ ಹೋದ ಮೇಲಿನ ಪದ್ಧತಿಗಳನ್ನೂ ಹೊಸಬರಿಗೆ ಹೇಳಿಕೊಡಬೇಕು. ಎದುರಾಳಿಗಳ ಹೆಸರು ಕರೆಯುವಾಗ ನಾವೆಲ್ಲ ಪತ್ರಿಕೆ ಬಿಚ್ಚಿ ಮುಖದ ಮುಂದೆ ಹಿಡಿಯುತ್ತೇವೆ. ನಮ್ಮವರು ಬರುವಾಗ ಅದನ್ನೇ ಚೂರು ಮಾಡಿ ಎರಚುತ್ತೇವೆ. ಗೆದ್ದ ಮೇಲೆ ಎರಡೂ ಕೈ ಎತ್ತಿ ಆ ಕಡೆ ಈ ಕಡೆ ತೂಗಬೇಕು, ಗಾಳಿಗೆ ಗೋಧಿ ಪೈರು ತೂಗಿದ ಹಾಗೆ. ಗೋಡೆಯ ಮೇಲೆ ಫಾಗ್ ಇದ್ದಾರೆ, ಎಚ್ಚರ ಅನ್ನೋ ಬರಹ ಇದೆ. ಮೊದಲ ಬರಹವನ್ನು 1988ರಲ್ಲಿ ವಿದ್ಯಾರ್ಥಿಗಳು ಹಾಸ್ಟೆಲಿನ ಬಚ್ಚಲ ಪರದೆಗಳ ಮೇಲೆ ಬರೆದಿದ್ದರು. ಎಲ್ಲಕ್ಕಿಂತ ಮುಖ್ಯ, ಆ ಕೂಗು. ರಾಕ್ ಚಾಕ್, ಜೇಹಾಕ್, ಕೇಯೂ. ಕೇಯೂ ಅಂದರೆ ಕ್ಯಾನ್ಸಸ್ ಯೂನಿವರ್ಸಿಟಿ. ರಾಕ್ ಚಾಕ್ ಗುಡ್ಡದ ಸುಣ್ಣಕಲ್ಲಿನಿಂದ ಹುಟ್ಟಿದ ಮಾತು. 1886ರಲ್ಲಿ ಒಬ್ಬ ಕೆಮಿಸ್ಟ್ರಿ ಪ್ರೊಫೆಸರ್ ಕಟ್ಟಿದ ಕೂಗಿಗೆ ಈ ಪದ ಆಮೇಲೆ ಸೇರಿತು. ಮ್ಯಾಚಿಗೆ ಮುಂಚೆಯೂ ಕೂಗುತ್ತೇವೆ. ಆದರೆ ಗೆಲುವು ಖಚಿತವಾದಾಗ, ಕೊನೆಯ ನಿಮಿಷದಲ್ಲಿ, ನಿಧಾನವಾಗಿ ಎಳೆದು ಕೂಗುವುದೇ ಬೇರೆ. ಭಜನೆಯ ಕೊನೆಗೆ ಎಲ್ಲರ ದನಿ ಒಂದಾಗುತ್ತದಲ್ಲ, ಹಾಗೆ. ಮೈ ಜುಮ್ಮೆನ್ನುತ್ತದೆ.

ನಾನು ಅದನ್ನು ಮನಸ್ಸು ತುಂಬಿ ಕೂಗಿದ್ದು 2022ರ ಏಪ್ರಿಲ್‌ನಲ್ಲಿ. ಏಪ್ರಿಲ್ 2, ಯುಗಾದಿ. ಇಲ್ಲಿ ಬೇವು ಸಿಗದೆ ಮೆಂತ್ಯಕಾಳಿಗೆ ಬೆಲ್ಲ ಬೆರೆಸಿ ತಿಂದೆವು. ಸಂಜೆ ದೇಶದ ಕಾಲೇಜು ಟೂರ್ನಿಯ ಸೆಮಿಫೈನಲ್‌ನಲ್ಲಿ ನಮ್ಮ ಹುಡುಗರು ವಿಲನೋವಾ ಮೇಲೆ 81-65ರಲ್ಲಿ ಗೆದ್ದರು. ಸೋಮವಾರ ನ್ಯೂ ಆರ್ಲಿಯನ್ಸ್‌ನಲ್ಲಿ ಫೈನಲ್, ಎದುರು ಅದೇ ನಾರ್ತ್ ಕ್ಯಾರೊಲಿನಾ. ಅರ್ಧ ಆಟಕ್ಕೆ 25-40. ಬಾಡಿಗೆ ಮನೆಯಲ್ಲಿ ಆರು ಜನ ಕನ್ನಡಿಗರು, ಯಾರಿಗೂ ಮಾತಿಲ್ಲ. ಆಮೇಲೆ ಒಂದೊಂದೇ ಬುಟ್ಟಿ, ಕೊನೆಗೆ 72-69. ಫೈನಲ್‌ನಲ್ಲಿ ಅಷ್ಟು ಹಿಂದೆ ಬಿದ್ದು ಎದ್ದ ತಂಡ ಅದಕ್ಕೆ ಮುಂಚೆ ಇರಲಿಲ್ಲ. ಎಲ್ಲರೂ ಮ್ಯಾಸಚೂಸೆಟ್ಸ್ ಬೀದಿಗೆ ಓಡಿದೆವು. ಗುರುತೇ ಇಲ್ಲದ ಅಜ್ಜಿಯೊಬ್ಬರು ನನ್ನನ್ನು ತಬ್ಬಿಕೊಂಡು ಅತ್ತರು. ಬಂದು ಎಂಟು ತಿಂಗಳಾಗಿತ್ತು. ಅಲ್ಲಿಯವರೆಗೆ ಇಲ್ಲಿ ನನ್ನನ್ನು ಯಾರೂ ತಬ್ಬಿಕೊಂಡಿರಲಿಲ್ಲ.

ಹೋದ ಸೀಸನ್ ಹಾಗಿರಲಿಲ್ಲ. ಒಂದನೇ ರ‍್ಯಾಂಕಿನಿಂದ ಶುರುವಾಗಿ, ಮಾರ್ಚ್‌ನಲ್ಲಿ ಅದೇ ಟೂರ್ನಿಯ ಮೊದಲ ಮ್ಯಾಚಿಗೇ ಅರ್ಕಾನ್ಸಾ ಎದುರು ಸೋತು ಬಂದರು. ಆಡಮ್ಸ್ ಹಿಮ್ಮಡಿಯ ಸ್ನಾಯುರಜ್ಜು ಹರಿದು ಬಿದ್ದದ್ದು ಅದೇ ಮ್ಯಾಚಿನಲ್ಲಿ. ಆ ರಾತ್ರಿ ಎದುರು ಮನೆ ಅಜ್ಜನ ದೀಪ ತುಂಬ ಹೊತ್ತು ಉರಿಯುತ್ತಿತ್ತು.

ಈ ಸೋಮವಾರ, ನವೆಂಬರ್ 3, ಗ್ರೀನ್ ಬೇ ಜೊತೆ ಮನೆಯಂಗಳದಲ್ಲಿ ಮೊದಲ ಮ್ಯಾಚು. ಹಿಂದಿನ ದಿನವೇ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಅಪ್ಪನ ಲೆಕ್ಕವನ್ನೂ ಸರಿ ಮಾಡಬೇಕು. ಇಲ್ಲಿ ಸಂಜೆ ಏಳಾದರೆ ಮೈಸೂರಿನಲ್ಲಿ ಮರುದಿನ ಬೆಳಗ್ಗೆ ಆರೂವರೆ. ಅವರು ಕಾಫಿ ಲೋಟ ಹಿಡಿದು ಫೋನಿನಲ್ಲಿ ಸ್ಕೋರ್ ನೋಡುವ ಹೊತ್ತು.

ನಿನ್ನೆ ಅಪ್ಪ ಫೋನ್ ಮಾಡಿದ್ದರು. "ಪುಟ್ಟಿ, ಪಟ್ಟಿ ಕಳಿಸಿದ್ಯಲ್ಲ, ಓದ್ತೀನಿ, ಸರಿ ಇದ್ಯಾ ನೋಡು," ಅಂದರು. ಕನ್ನಡಕ ಏರಿಸಿ ಒಂದೊಂದೇ ಹೆಸರು ಓದಿದರು. ಪೀಟರ್ಸನ್. ವೈಟ್. ಕೌನ್ಸಿಲ್. ಹಿಂದಿನಿಂದ ಅಮ್ಮ "ಬಿಡುಂಗಾ" ಅಂದರು. ನಾನು ಫ್ರಿಜ್ ಮುಂದೆ ನಿಂತು ಬೆರಳಿಟ್ಟು ನೋಡುತ್ತಿದ್ದೆ. ಎಲ್ಲ ಸರಿ ಇತ್ತು.